ಕಬ್ಬಿನ ಗದ್ದೆಯಲ್ಲಿ ಅರ್ಧ ಗಂಟೆಗೇ ಬಿಚ್ಚಿಟ್ಟ ಎಕ್ಸೋಸ್ಕೆಲಿಟನ್: ಎಲ್ಲಿ ತಪ್ಪಿದೆವು?

ಕಬ್ಬಿನೂರ ಮೇಷ್ಟ್ರು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಠ ಮಾಡುವವನು. ನಾನು, ನನ್ನ ನಾಲ್ವರು ವಿದ್ಯಾರ್ಥಿಗಳು ಸೇರಿ ಎರಡು ವರ್ಷದಿಂದ ಕಬ್ಬು ಕಡಿಯುವವರ ಬೆನ್ನಿಗೆ ಆಸರೆ ಕೊಡುವ ಎಕ್ಸೋಸ್ಕೆಲಿಟನ್ ಮಾಡುತ್ತಿದ್ದೇವೆ. ಬಟ್ಟೆಯ ಮೇಲೆ ತೊಡುವ ಚೌಕಟ್ಟು ಅಂದುಕೊಳ್ಳಿ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ. ಎದೆಗೊಂದು ಪ್ಯಾಡ್, ತೊಡೆಗಳಿಗೆ ಎರಡು ಪ್ಯಾಡ್, ಅವನ್ನು ಜೋಡಿಸುವ ಗಟ್ಟಿ ಕಂಬಿ, ಸೊಂಟದ ಎರಡೂ ಪಕ್ಕದಲ್ಲಿ ಸ್ಪ್ರಿಂಗ್. ಬಗ್ಗಿದರೆ ಸ್ಪ್ರಿಂಗ್ ಬಿಗಿಯುತ್ತದೆ. ಏಳುವಾಗ ಅದೇ ಬಿಗಿತ ಎದೆಯನ್ನು ಮೇಲಕ್ಕೆ ತಳ್ಳುತ್ತದೆ. ಒಟ್ಟು ತೂಕ 3.2 ಕೆ.ಜಿ.

ಲ್ಯಾಬಿನಲ್ಲಿ ಎಲ್ಲ ಚೆನ್ನಾಗಿತ್ತು. ಹುಡುಗರು ಅದನ್ನು ಹಾಕಿಕೊಂಡು ನೆಲದಿಂದ 10 ಕೆ.ಜಿ. ಪೆಟ್ಟಿಗೆ ಎತ್ತಿ ಎತ್ತಿ ಇಟ್ಟರು. ಬೆನ್ನಿನ ಮೇಲೆ ಇಎಂಜಿ (ಸ್ನಾಯು ಕೆಲಸ ಮಾಡುವಾಗ ಹೊರಡುವ ವಿದ್ಯುತ್ ಸಿಗ್ನಲ್ ಅಳೆಯುವ ಸಾಧನ) ಅಂಟಿಸಿ ನೋಡಿದರೆ ಸ್ನಾಯುಗಳ ಸಿಗ್ನಲ್ ಇಳಿದಿತ್ತು. ಖುಷಿಯಿಂದ ಗದ್ದೆಗೆ ಹೋದೆವು. ಕಟಾವು ತಂಡದ ಮೂವರು ಹಾಕಿಕೊಂಡರು. ಅರ್ಧ ಗಂಟೆಯೊಳಗೆ ಮೂವರೂ ಬಿಚ್ಚಿ ಬದುವಿನ ಮೇಲಿಟ್ಟರು. ಅವರಲ್ಲಿ ಹಿರಿಯರು, ನನಗೆ ಬೇಜಾರಾಗಬಾರದು ಅಂತ, "ಚೆನ್ನಾಗೈತೆ ಸಾರ್, ಆದ್ರೆ ಬ್ಯಾಡ" ಅಂದರು.

ಒಂದು ವಾರದಿಂದ ಆ ಮಾತು ಕಿವಿಯಲ್ಲೇ ಇದೆ. ತಪ್ಪಿದ್ದು ಮಾಡಿದ ರೀತಿಯಲ್ಲೋ, ಪರೀಕ್ಷಿಸಿದ ರೀತಿಯಲ್ಲೋ? ತಿಳಿದವರು ಹೇಳಿ.

ಪಾಂಡವಪುರದ ರೈತ

ಸಾರ್, ಮೊದಲು ಒಂದು ಪ್ರಶ್ನೆ. ಅವರು ಬಿಚ್ಚಿದ್ದು ಯಾವ ಕೆಲಸದಲ್ಲಿದ್ದಾಗ? ಯಾಕೆಂದರೆ ಕಟಾವು ಅಂದರೆ ಬರೀ ಬಗ್ಗೋದಲ್ಲ. ಬುಡಕ್ಕೆ ಮಚ್ಚು ಹಾಕಬೇಕು. ತರಗು ಸವರಬೇಕು. ಸೋಗೆ ಹಾರಿಸಬೇಕು. ಕಟ್ಟು ಕಟ್ಟಬೇಕು. ಆಮೇಲೆ ಹೊರೆಯನ್ನು ತಲೆಗೆ ಏರಿಸಿಕೊಂಡು ಹಲಗೆ ಹತ್ತಿ ಲಾರಿಗೆ ಹಾಕಬೇಕು. ಕೂಲಿ ಟನ್ನಿನ ಲೆಕ್ಕ, ದಿನದ ಲೆಕ್ಕ ಅಲ್ಲ. ಕೈ ಒಂದು ನಿಮಿಷ ನಿಧಾನವಾದರೂ ಅವರ ಜೇಬಿಗೇ ಹೊಡೆತ.

ನಿಮ್ಮ ಪೆಟ್ಟಿಗೆ ಎತ್ತಿ ಇಡೋದು ಇದರಲ್ಲಿ ಯಾವ ಕೆಲಸಕ್ಕೆ ಹೋಲುತ್ತೆ?

ಕಬ್ಬಿನೂರ ಮೇಷ್ಟ್ರು, ಮಂಡ್ಯ

ಯಾವುದಕ್ಕೂ ಹೋಲಲ್ಲ ಅಂತ ಈಗ ಅನ್ನಿಸುತ್ತಿದೆ. ಬೇರೆಯವರ ಪ್ರಬಂಧಗಳಲ್ಲಿ ಪೆಟ್ಟಿಗೆ ಎತ್ತಿಸಿದ್ದರು, ನಾವೂ ಎತ್ತಿಸಿದೆವು.

ನೀವು ಕೇಳಿದ ಮೇಲೆ ವಿಡಿಯೋ ಮತ್ತೆ ನೋಡಿದೆ. ಮೊದಲನೆಯವರು ಬಿಚ್ಚಿದ್ದು ಹೊರೆ ಹೊತ್ತು ಹಲಗೆ ಹತ್ತುವಾಗ. ತೊಡೆ ಮೇಲಕ್ಕೆತ್ತಿದಾಗೆಲ್ಲ ಸ್ಪ್ರಿಂಗ್ ಕೆಳಕ್ಕೆ ಒತ್ತುತ್ತಿತ್ತು. ಎರಡನೆಯವರಿಗೆ ಎದೆಯ ಪ್ಯಾಡ್ ನಿಧಾನವಾಗಿ ಗಂಟಲ ಕಡೆ ಏರುತ್ತಿತ್ತು, ಅವರು ಅದನ್ನು ಎಳೆದು ಎಳೆದು ಸಾಕಾದರು. ಮೂರನೆಯವರು ಸೆಕೆ ಅಂದರು.

ಫಿಜಿಯೋ, ಸರಸ್ವತಿಪುರಂ

ಮೇಷ್ಟ್ರೇ, ಆ ಪ್ಯಾಡ್ ಯಾಕೆ ಏರಿತು ಅನ್ನೋದು ನನಗೆ ಗೊತ್ತು. ಬೆನ್ನು ನೋವಿನವರು ಬಂದರೆ ನಾವು ಶೋಬರ್ ಪರೀಕ್ಷೆ ಮಾಡುತ್ತೇವೆ. ನೇರ ನಿಂತಾಗ ಸೊಂಟದ ಕೆಳಭಾಗದಲ್ಲಿ ಒಂದು ಗುರುತು, ಅಲ್ಲಿಂದ 10 ಸೆಂ.ಮೀ. ಮೇಲೆ ಇನ್ನೊಂದು ಗುರುತು. ಆಮೇಲೆ ಮುಂದಕ್ಕೆ ಬಗ್ಗಿ ಅಂತೀವಿ. ಆರೋಗ್ಯವಾಗಿರುವ ಬೆನ್ನಿನಲ್ಲಿ ಆ 10 ಸೆಂ.ಮೀ. ಸುಮಾರು 15 ಆಗುತ್ತದೆ. ಸೊಂಟದ ಭಾಗ ಒಂದೇ ಇಷ್ಟು ಹಿಗ್ಗುತ್ತೆ, ಅಲ್ವಾ? ನಿಮ್ಮ ಕಬ್ಬಿಣದ ಕಂಬಿ ಹಿಗ್ಗಲ್ಲ. ಬೆನ್ನು ಹಿಗ್ಗಿ, ಕಂಬಿ ಇದ್ದಷ್ಟೇ ಇದ್ದರೆ ನಡುವೆ ಏನಾದರೂ ಜಾರಲೇಬೇಕು. ಜಾರಿದ್ದು ಪ್ಯಾಡ್. ಜಾರುವಾಗ ಚರ್ಮವನ್ನೂ ಜೊತೆಗೆ ಎಳೆಯುತ್ತದೆ. ಬೆವರಿದ ಚರ್ಮ ಆ ಎಳೆತಕ್ಕೆ ಬೇಗ ಸುಲಿಯುತ್ತದೆ.

ಇನ್ನೊಂದು ವಿಷಯ. ಮನುಷ್ಯನ ಕೀಲು ಬಾಗಿಲಿನ ಕೀಲಿನ ಹಾಗಲ್ಲ. ಮೊಣಕಾಲನ್ನೇ ನೋಡಿ. ಮಡಚುವಾಗ ತೊಡೆಯ ಮೂಳೆ ಕಾಲಿನ ಮೂಳೆಯ ಮೇಲೆ ಉರುಳುತ್ತದೆ, ಜೊತೆಗೆ ಜಾರುತ್ತದೆ. ತಿರುಗುವ ಬಿಂದು ಒಂದೇ ಕಡೆ ನಿಲ್ಲಲ್ಲ. ಯಂತ್ರದ ಕೀಲು ಒಂದೇ ಬೋಲ್ಟಿನ ಸುತ್ತ ತಿರುಗಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ಗೆಲ್ಲುವುದು ಕಬ್ಬಿಣ, ನೋಯುವುದು ಮೈ. ಸೊಂಟದ ಕೀಲು ಇದಕ್ಕಿಂತ ಸರಳ, ಆದರೆ ಆಳದಲ್ಲಿದೆ. ಹೊರಗಿನಿಂದ ಅದರ ಜಾಗ ಹಿಡಿಯೋದು ಅಭ್ಯಾಸ ಇದ್ದವರಿಗೂ ಕಷ್ಟ. ನಿಮ್ಮ ಸ್ಪ್ರಿಂಗ್ ಎರಡು ಬೆರಳು ಮೇಲಿದ್ದರೂ ಬಗ್ಗಿದಾಗ ಪಟ್ಟಿಗಳೆಲ್ಲ ಜಾಗ ಬಿಡುತ್ತವೆ.

ನಡಿಗೆ ಲ್ಯಾಬ್, ಊರು ಮೈಸೂರು

ನಾನು ಬಯೋಮೆಕ್ಯಾನಿಕ್ಸ್‌ನಲ್ಲಿ, ಅಂದರೆ ಮೈಯ ಚಲನೆ ಮತ್ತು ಬಲಗಳ ಅಧ್ಯಯನದಲ್ಲಿ, ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಡಂ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ.

60 ಕೆ.ಜಿ. ತೂಕದ ಒಬ್ಬರನ್ನು ತೆಗೆದುಕೊಳ್ಳಿ. ತಲೆ, ಕೈ, ಮುಂಡ ಸೇರಿ ಸುಮಾರು ಮೂರನೇ ಎರಡು ಭಾಗ, ಅಂದರೆ 40 ಕೆ.ಜಿ. ಪೂರ್ತಿ ಬಗ್ಗಿದಾಗ ಆ ಭಾರ ಸೊಂಟದ ಕೀಲಿನಿಂದ ಹೆಚ್ಚು ಕಡಿಮೆ 30 ಸೆಂ.ಮೀ. ಮುಂದಿರುತ್ತದೆ. 40 ಕೆ.ಜಿ. ಅಂದರೆ ಸುಮಾರು 400 ನ್ಯೂಟನ್ ಬಲ, ಅದನ್ನು ಆ ದೂರಕ್ಕೆ ಗುಣಿಸಿದರೆ ಸೊಂಟದ ಮೇಲೆ ಬೀಳುವ ತಿರುಗಿಸುವ ಬಲ ಸುಮಾರು 120 ನ್ಯೂಟನ್ ಮೀಟರ್. ಕೈಯಲ್ಲಿ ಏನೂ ಹಿಡಿಯದೆ ಇಷ್ಟು. ನಿಮ್ಮ ಸ್ಪ್ರಿಂಗ್ ಎಷ್ಟು ಕೊಡುತ್ತೆ ಮೇಷ್ಟ್ರೇ? 30 ಇದ್ದರೂ ಅದು ಕಾಲು ಭಾಗ ಮಾತ್ರ. ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕೋಣ ಅಂತ ಅನ್ನಿಸುತ್ತೆ. ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಸ್ಪ್ರಿಂಗ್ ಗಟ್ಟಿಯಾದಷ್ಟೂ ಎದೆ ಮತ್ತು ತೊಡೆಯ ಮೇಲಿನ ಒತ್ತಡ ಜಾಸ್ತಿ. ಬಗ್ಗೋದಕ್ಕೇ ಹೊಟ್ಟೆಯ ಸ್ನಾಯು ಕೆಲಸ ಮಾಡಬೇಕು. ಹೆಜ್ಜೆ ಇಡೋದೂ ಕಷ್ಟ. ಭಾರ ಮಾಯವಾಗಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತೆ ಅಷ್ಟೆ.

2015ರಲ್ಲಿ ಅಮೆರಿಕದ ಸ್ಟೀವ್ ಕಾಲಿನ್ಸ್ ಅವರ ತಂಡ ಪಾದದ ಕೀಲಿಗೆ (ಆಂಕಲ್) ಕಟ್ಟುವ, ಮೋಟರ್ ಇಲ್ಲದ ಒಂದು ಸಾಧನ ತೋರಿಸಿತು. ಒಂದು ಸ್ಪ್ರಿಂಗ್, ಒಂದು ಪುಟ್ಟ ಕ್ಲಚ್, ಅಷ್ಟೆ. ಒಂದು ಕಾಲಿನದು ಅರ್ಧ ಕೆ.ಜಿ. ಆಸುಪಾಸು. ಅದು ನಡಿಗೆಗೆ ಖರ್ಚಾಗುವ ಶಕ್ತಿಯನ್ನು ಶೇ. 7.2ರಷ್ಟು ಇಳಿಸಿತು. ಅವರು ಬೇರೆ ಬೇರೆ ಗಟ್ಟಿತನದ ಸ್ಪ್ರಿಂಗ್ ಹಾಕಿ ನೋಡಿದ್ದರು. ಮೆತ್ತಗಿನದರಿಂದಲೂ ಲಾಭ ಕಡಿಮೆ, ತುಂಬ ಗಟ್ಟಿಯದರಿಂದಲೂ ಲಾಭ ಕಡಿಮೆ. ನಡುವೆ ಎಲ್ಲೋ ಒಂದು ಹದ ಇತ್ತು. ಆಲೆಮನೆಯಲ್ಲಿ ಪಾಕ ಇಳಿಸೋ ಹದದ ಹಾಗೆ, ಸ್ವಲ್ಪ ಮುಂಚೆ ಆದರೂ ಕೆಟ್ಟಿತು, ತಡ ಆದರೂ ಕೆಟ್ಟಿತು.

ನಿಮಗೆ ಆ ಸಾಧನದ ಕ್ಲಚ್ಚೇ ಪಾಠ. ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸುವಾಗ ಆ ಕ್ಲಚ್ ಸ್ಪ್ರಿಂಗನ್ನು ಬಿಟ್ಟುಬಿಡುತ್ತದೆ. ನಿಮ್ಮ ಯಂತ್ರಕ್ಕೆ ಬೆನ್ನು ಬಗ್ಗಿದ್ದೂ ತೊಡೆ ಎತ್ತಿದ್ದೂ ಒಂದೇ, ಯಾಕೆಂದರೆ ಎರಡರಲ್ಲೂ ಎದೆ ಮತ್ತು ತೊಡೆ ಹತ್ತಿರ ಬರುತ್ತವೆ. ಹಾಗಾಗಿ ಹಲಗೆ ಹತ್ತಿದವರಿಗೆ ಅದು ಅಡ್ಡಗಾಲು ಹಾಕಿತು.

ಕಬ್ಬಿನೂರ ಮೇಷ್ಟ್ರು, ಮಂಡ್ಯ

30ಕ್ಕೂ ಸ್ವಲ್ಪ ಕಡಿಮೆಯೇ ಬರುತ್ತೆ. ನಡೆಯುವಾಗ ಕೈಯಿಂದ ಸ್ಪ್ರಿಂಗ್ ಬಿಡಿಸುವ ಒಂದು ಪಿನ್ ಇಡೋಣ ಅಂತ ಹುಡುಗರು ಹೇಳುತ್ತಿದ್ದಾರೆ. ಆದರೆ ಮಚ್ಚು ಹಿಡಿದ ಕೈಗೆ ಇನ್ನೊಂದು ಕೆಲಸ ಕೊಡಲು ನನಗೆ ಮನಸ್ಸಿಲ್ಲ.

ಇಎಂಜಿ ಇಳಿದದ್ದಂತೂ ನಿಜ. ಅದನ್ನೇ ನೆಚ್ಚಿಕೊಂಡಿದ್ದೇವೆ.

ಫಿಜಿಯೋ, ಸರಸ್ವತಿಪುರಂ

ಅದನ್ನು ಪೂರ್ತಿ ನೆಚ್ಚಬೇಡಿ. ಹುಡುಗರು ಪೆಟ್ಟಿಗೆ ಎತ್ತಲು ಎಷ್ಟು ಬಗ್ಗುತ್ತಿದ್ದರು? ಮನುಷ್ಯ ಪೂರ್ತಿ ಬಗ್ಗಿ ಜೋತುಬಿದ್ದಾಗ ಬೆನ್ನಿನ ಸ್ನಾಯು ತಾನಾಗಿಯೇ ಸುಮ್ಮನಾಗುತ್ತದೆ. ಎಕ್ಸೋ ಇಲ್ಲದಿದ್ದರೂ ಹಾಗೇ. 1950ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆಗ ಭಾರ ಹೊರುವುದು ಬೆನ್ನೆಲುಬಿನ ಹಿಂಭಾಗದ ಲಿಗಮೆಂಟುಗಳು, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ನಾರುಗಳು. ಸ್ನಾಯುವಿನ ಸಿಗ್ನಲ್ ಸೊನ್ನೆಯ ಹತ್ತಿರ ಇರುತ್ತೆ, ಬೆನ್ನು ಮಾತ್ರ ಆರಾಮವಾಗಿಲ್ಲ. ಕಬ್ಬಿನ ಬುಡ ಕಡಿಯೋದು ಅದೇ ಭಂಗಿಯಲ್ಲಿ. ಹಾಗಾಗಿ ಬಗ್ಗಿದ ಕೋನ ಅಳೆಯದೆ ಬರೀ ಇಎಂಜಿ ಇಳಿಯಿತು ಅಂದರೆ ನಾನು ಒಪ್ಪಲ್ಲ.

ಹೊಟ್ಟೆಯ ಸ್ನಾಯುವಿನ ಮೇಲೂ, ತೊಡೆಯ ಹಿಂಭಾಗದ ಮೇಲೂ ಒಂದೊಂದು ಎಲೆಕ್ಟ್ರೋಡ್ ಇಡಿ. ಬೆನ್ನಿನಲ್ಲಿ ಉಳಿಸಿದ್ದನ್ನು ಬೇರೆ ಕಡೆ ವಸೂಲಿ ಮಾಡುತ್ತಿದೆಯಾ ಅಂತ ಗೊತ್ತಾಗಲಿ.

ನಡಿಗೆ ಲ್ಯಾಬ್, ಊರು ಮೈಸೂರು

ಮೇಡಂ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಇದಕ್ಕೆ ಹೋಲಿಕೆಯ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ನೀವು ಯಾವುದರ ಜೊತೆ ಹೋಲಿಸಿದಿರಿ? ಯಂತ್ರ ತೊಟ್ಟು, ಸ್ಪ್ರಿಂಗ್ ಕಳಚಿಟ್ಟು, ಅದರ ಜೊತೆ ಹೋಲಿಸಿದರೆ ಲೆಕ್ಕ ಚೆನ್ನಾಗಿ ಕಾಣುತ್ತೆ. ಆಗ 3.2 ಕೆ.ಜಿ. ಭಾರ ಎರಡೂ ಕಡೆ ಇರುತ್ತದಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಬರಲ್ಲ. ಕಟಾವಿನವರ ಮುಂದೆ ಇರುವ ಆಯ್ಕೆ ಬೇರೆ. ಯಂತ್ರ ತೊಡೋದೋ, ಬರೀ ಮೈಯಲ್ಲಿ ಕೆಲಸ ಮಾಡೋದೋ. ಮೂರನ್ನೂ ಅಳೆಯಿರಿ: ಏನೂ ಇಲ್ಲದೆ, ತೊಟ್ಟು ಸ್ಪ್ರಿಂಗ್ ಇಲ್ಲದೆ, ತೊಟ್ಟು ಸ್ಪ್ರಿಂಗ್ ಸಮೇತ. ಈ ಮೂರರ ಅನುಕ್ರಮವನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಬದಲಿಸಿ. ಇಲ್ಲದಿದ್ದರೆ ಕೊನೆಯದಕ್ಕೆ ಸುಸ್ತಿನ ಪಾಲೂ ಸೇರಿಬಿಡುತ್ತೆ.

ಎಲ್ಲಕ್ಕಿಂತ ಪ್ರಾಮಾಣಿಕ ಅಳತೆ ಅಂದರೆ ಉಸಿರು. ಮುಖಕ್ಕೆ ಮಾಸ್ಕ್ ಹಾಕಿ, ಒಳಗೆ ಹೋದ ಆಮ್ಲಜನಕ ಎಷ್ಟು, ಹೊರಗೆ ಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಅಂತ ನೋಡಿ ಒಟ್ಟು ಮೈ ಖರ್ಚು ಮಾಡಿದ ಶಕ್ತಿ ಲೆಕ್ಕ ಹಾಕೋದು. ಇದರಲ್ಲಿ ಮೈಯ ಯಾವ ಭಾಗವೂ ತಪ್ಪಿಸಿಕೊಳ್ಳಲ್ಲ. ತೊಂದರೆ ಅಂದರೆ ಇದು ನಿಧಾನ. ಒಂದೇ ಹದದಲ್ಲಿ ಐದಾರು ನಿಮಿಷ ಕೆಲಸ ಮಾಡಿಸಿ, ಕೊನೆಯ ಒಂದೆರಡು ನಿಮಿಷದ ಸರಾಸರಿ ತೆಗೆಯಬೇಕು. ನಾಡಿ ಬಡಿತ ಅಳೆಯೋದು ಸುಲಭ, ಆದರೆ ಬಿಸಿಲಿಗೇ ನಾಡಿ ಏರುತ್ತದೆ. ಮಾರ್ಚ್ ತಿಂಗಳಲ್ಲಿ ಮಂಡ್ಯದ ಗದ್ದೆಯಲ್ಲಿ ಏರಿದ್ದು ಕೆಲಸಕ್ಕೋ ಬಿಸಿಲಿಗೋ ಅಂತ ಹೇಳೋದು ಹೇಗೆ?

ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಟ್ಟಿರಿ? ಹೊಸ ಚಪ್ಪಲಿಗೇ ನಾಲ್ಕು ದಿನ ಬೇಕು. ಎಕ್ಸೋ ತೊಟ್ಟ ಮೊದಲ ಅರ್ಧ ಗಂಟೆಯಲ್ಲಿ ಮೈ ಅದರ ವಿರುದ್ಧವೇ ಕೆಲಸ ಮಾಡುತ್ತಿರುತ್ತದೆ. ಮೂವರಿಗೂ ಎರಡು ಮೂರು ದಿನ, ದಿನಕ್ಕೆ ಒಂದೊಂದು ಗಂಟೆ ಸುಮ್ನೆ ತೊಟ್ಟು ಓಡಾಡಲು ಕೊಟ್ಟು ಆಮೇಲೆ ಅಳೆಯಬೇಕಿತ್ತು.

ಪಾಂಡವಪುರದ ರೈತ

ಆ ಮೂರು ದಿನದ ಕೂಲಿ ಯಾರು ಕೊಡುತ್ತಾರೆ? ಕೋಪದಿಂದ ಕೇಳುತ್ತಿಲ್ಲ. ಪರೀಕ್ಷೆಗೆ ಕರೆದರೆ ಟನ್ನಿನ ಲೆಕ್ಕದಲ್ಲಿ ಎಷ್ಟು ಹೋಯಿತೋ ಅಷ್ಟನ್ನು ಕಟ್ಟಿಕೊಡಬೇಕು. ಇಲ್ಲದಿದ್ದರೆ ಅವರು ಯಾವಾಗಲೂ "ಚೆನ್ನಾಗೈತೆ ಸಾರ್" ಅಂತಲೇ ಹೇಳಿ ಕೆಲಸಕ್ಕೆ ಹೋಗುತ್ತಾರೆ. ನಿಮಗೆ ನಿಜ ಸಿಗಲ್ಲ.

ಇನ್ನೂ ಒಂದು. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಇರುತ್ತೆ. ಕಂಡ ತಕ್ಷಣ ಹಿಂದಕ್ಕೆ ಹಾರಬೇಕು. ಮೈಮೇಲೆ ಕಂಬಿ ಇದ್ದರೆ ಹಾರಕ್ಕಾಗುತ್ತಾ? ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗಿರಬೇಕು. ನಿಮ್ಮದು ಬಿಚ್ಚಲು ಎಷ್ಟು ಹೊತ್ತು?

ಕಬ್ಬಿನೂರ ಮೇಷ್ಟ್ರು, ಮಂಡ್ಯ

ನಾಲ್ಕು ಬಕಲ್ ಇದೆ. ಅಭ್ಯಾಸ ಇದ್ದವರಿಗೂ ಅರ್ಧ ನಿಮಿಷ. ಹಾವಿನ ವಿಷಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ ಅಣ್ಣ. ಕೂಲಿಯ ಮಾತೂ ನಿಜ. ಮುಂದಿನ ಸಲ ಅದನ್ನು ಮೊದಲೇ ಮಾತಾಡಿ, ಬರೆದು ಕೊಟ್ಟು ಶುರು ಮಾಡುತ್ತೇವೆ.

ಟೂಲ್ ರೂಂ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ನಾನು ಇಪ್ಪತ್ತು ವರ್ಷದಿಂದ ಜಿಗ್ ಫಿಕ್ಸ್ಚರ್ (ಕಾರ್ಖಾನೆಯಲ್ಲಿ ಬಿಡಿಭಾಗ ಹಿಡಿದಿಡುವ ಸಾಧನ) ಮಾಡುವವನು. ಮೈ ವಿಷಯ ನನಗೆ ಗೊತ್ತಿಲ್ಲ, ಸ್ಪ್ರಿಂಗ್ ವಿಷಯ ಗೊತ್ತು. ಸ್ಪ್ರಿಂಗನ್ನು ಎಷ್ಟು ಸಲ ಬಗ್ಗಿಸಿ ನೋಡಿದ್ದೀರಿ ಸಾರ್?

ಲೆಕ್ಕ ಹಾಕಿ. ನಿಮಿಷಕ್ಕೆ 5 ಸಲ ಬಗ್ಗಿ ಎದ್ದರೂ ಗಂಟೆಗೆ 300. ದಿನಕ್ಕೆ 6 ಗಂಟೆ ಅಂದರೆ 1,800. ಕಟಾವಿನ ಕಾಲ 120 ದಿನ ಹಿಡಿದರೆ 2,16,000 ಸಲ. ಲ್ಯಾಬಿನಲ್ಲಿ ಇನ್ನೂರು ಸಲ ಎತ್ತಿಸಿದರೆ ಸ್ಪ್ರಿಂಗ್ ಬಗ್ಗೆ ಏನೂ ಗೊತ್ತಾಗಲ್ಲ. ಸ್ಪ್ರಿಂಗ್ ಸುಸ್ತಾಗೋದು ಲಕ್ಷ ದಾಟಿದ ಮೇಲೆ. ಅದೂ ಒಂದು ಸಣ್ಣ ಗೀರು ಇದ್ದರೆ, ತುಕ್ಕು ಹಿಡಿದಿದ್ದರೆ, ಅಲ್ಲಿಂದಲೇ ಬಿರುಕು. ಬಿಗಿದಿರುವಾಗ ತುಂಡಾದರೆ ತುದಿ ಎತ್ತ ಹಾರುತ್ತೆ? ಪಕ್ಕೆಲುಬಿನ ಹತ್ತಿರ ಇದೆ ಅದು.

ಖರ್ಚಿಲ್ಲದೆ ಸ್ಪ್ರಿಂಗ್ ಪರೀಕ್ಷಿಸುವ ಒಂದು ರಿಗ್ ಮಾಡಬಹುದು. ಹಳೇ ಕಾರಿನ ವೈಪರ್ ಮೋಟರ್ ತನ್ನಿ. ಕ್ರ್ಯಾಂಕ್ ಹಾಕಿ ಸ್ಪ್ರಿಂಗ್‌ಗೆ ಜೋಡಿಸಿ. ನಿಮಿಷಕ್ಕೆ 30 ಸಲ ತಿರುಗುವ ಹಾಗೆ ಇಟ್ಟರೆ 120 ಗಂಟೆಗೆ, ಅಂದರೆ 5 ದಿನಕ್ಕೆ, ಒಂದು ಕಟಾವಿನ ಕಾಲ ಮುಗಿಯುತ್ತೆ. ನಡುನಡುವೆ ನೀರು ಚಿಮುಕಿಸಿ, ಗದ್ದೆಯ ಮಣ್ಣು ಎರಚಿ. ಹೊಸ ಬೇರಿಂಗ್ ಎಣ್ಣೆ ಹಾಕಿಕೊಂಡು ಲ್ಯಾಬಿನಲ್ಲಿ ತಿರುಗೋದೇ ಬೇರೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಸರು ತಿಂದು ತಿರುಗೋದೇ ಬೇರೆ. ಸ್ಪ್ರಿಂಗ್‌ಗೆ ಒಂದು ತಗಡಿನ ಕೊಳವೆ ಹಾಕಿಬಿಡಿ. ತುಂಡಾದರೂ ಒಳಗೇ ಇರಲಿ. ಮೊದಲ ಎರಡು ಕೊಳವೆ ನಾನೇ ಮಾಡಿಕೊಡುತ್ತೇನೆ, ಡ್ರಾಯಿಂಗ್ ಕಳಿಸಿ.

ಗಾಲಿಕುರ್ಚಿ, ಕುವೆಂಪುನಗರ

ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನದು ಬೆನ್ನುಹುರಿ ಪೆಟ್ಟು. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಕೆಲವು ವರ್ಷದ ಹಿಂದೆ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಮೋಟರ್ ಇರುವ ಎಕ್ಸೋಸ್ಕೆಲಿಟನ್ ತೊಟ್ಟು ನಡೆದಿದ್ದೇನೆ. ಎದ್ದು ನಿಂತು ಅಪ್ಪನ ಮುಖವನ್ನು ನೇರವಾಗಿ ನೋಡಿದ್ದು ಮರೆಯುವ ಮಾತಲ್ಲ. ಅಲ್ಲಿಯವರ ಮೇಲೆ ನನಗೆ ಗೌರವ ಇದೆ.

ಆದರೆ ಅದೇ ದಿನ ರಾತ್ರಿ ಮನೆಯಲ್ಲಿ ನೋಡಿದರೆ ಮೀನಖಂಡದ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಕೆಂಪು ಕಲೆ. ಪಟ್ಟಿಯ ಮಡಿಕೆ ಒಂದು ಒತ್ತಿತ್ತು. ನಿಮ್ಮ ಕಟಾವಿನವರಿಗೆ ನೋವು ಗೊತ್ತಾಯಿತು, ಬಿಚ್ಚಿದರು. ನನಗೆ ಗೊತ್ತಾಗಲ್ಲ. ಆ ಕಲೆ ಹುಣ್ಣಾಗಿ ಮಾಗಲು ಏಳು ವಾರ ಹಿಡಿಯಿತು. ಏಳು ವಾರ ಮಗ್ಗುಲಾಗಿ ಮಲಗಿದ್ದೆ. ಯಂತ್ರದಲ್ಲಿ ಮೋಟರಿನ ಬಿಸಿ ನೋಡಲು ಸೆನ್ಸರ್ ಇತ್ತು, ಬ್ಯಾಟರಿ ನೋಡಲು ಇತ್ತು. ನನ್ನ ಚರ್ಮ ನೋಡಲು ಏನೂ ಇರಲಿಲ್ಲ. ನನಗೆ ಗೊತ್ತಾಗದ್ದು ಯಂತ್ರಕ್ಕಾದರೂ ಗೊತ್ತಾಗಬೇಕಲ್ವಾ?

ಇಸ್ರೇಲಿನ ಅಮಿತ್ ಗೋಫರ್ ಅವರ ವಿಷಯ ನಿಮಗೆಲ್ಲ ಗೊತ್ತಿರಬಹುದು. 1997ರ ಅಪಘಾತದಲ್ಲಿ ಅವರ ಕುತ್ತಿಗೆಯ ಕೆಳಗಿನ ಶಕ್ತಿ ಹೋಯಿತು. ಅವರೇ ರೀವಾಕ್ ಎಂಬ ಎಕ್ಸೋಸ್ಕೆಲಿಟನ್ ಮಾಡಿದರು. 2014ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದನ್ನು ತೊಟ್ಟವರು ಊರುಗೋಲು ಹಿಡಿದು ತೂಕ ಸರಿದೂಗಿಸಬೇಕು, ಕೈಯಲ್ಲಿ ಬಲ ಬೇಕು. ಹಾಗಾಗಿ ಮಾಡಿದವರೇ ಅದರಲ್ಲಿ ನಡೆಯಲು ಆಗಲಿಲ್ಲ. ಮೊದಲ ಸಲ ಇದನ್ನು ಓದಿದಾಗ ನನಗೆ ಕಣ್ಣು ತುಂಬಿತ್ತು.

ಫಿಜಿಯೋ, ಸರಸ್ವತಿಪುರಂ

ನೀವು ಬರೆದದ್ದು ತುಂಬ ಒಳ್ಳೆಯದಾಯಿತು. ಹುಣ್ಣಿನ ಮಾತು ಮೋಟರ್ ಇಲ್ಲದ ಯಂತ್ರಕ್ಕೂ ಸಲ್ಲುತ್ತದೆ. ಮೇಷ್ಟ್ರೇ, ಕಟಾವಿನವರಲ್ಲಿ ಸಕ್ಕರೆ ಕಾಯಿಲೆ ಇರುವವರು ಇರಬಹುದು. ಅವರಿಗೂ ಚರ್ಮದ ಅರಿವು ಕಡಿಮೆ, ಗಾಯ ಮಾಗೋದೂ ನಿಧಾನ. ಪರೀಕ್ಷೆಗೆ ಮುಂಚೆ ಕೇಳಿ ತಿಳಿದುಕೊಳ್ಳಿ. ಪ್ರತಿ ಸಲ ಬಿಚ್ಚಿದ ಮೇಲೆ ಚರ್ಮ ನೋಡಿ. ಬೆರಳಿನಿಂದ ಒತ್ತಿದರೆ ಕೆಂಪು ಮಾಯವಾಗಿ ಮತ್ತೆ ಬರಬೇಕು. ಒತ್ತಿದರೂ ಕೆಂಪಾಗಿಯೇ ಇದ್ದರೆ ಅಲ್ಲಿಗೆ ನಿಲ್ಲಿಸಿ.

ಎಥಿಕ್ಸ್ ಕಮಿಟಿ (ಅಧ್ಯಯನದಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಸಮಿತಿ) ಒಪ್ಪಿಗೆ ತೆಗೆದುಕೊಂಡಿದ್ದೀರಾ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ಮನುಷ್ಯರ ಮೇಲೆ ಮಾಡುವ ಇಂಥ ಅಧ್ಯಯನಕ್ಕೆ ಅದು ಬೇಕೇ ಬೇಕು. ಒಪ್ಪಿಗೆ ಪತ್ರ ಅವರ ಮಾತಿನಲ್ಲಿ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಇರಲಿ. ಓದಲು ಬರದವರಿಗೆ ಓದಿ ಹೇಳಿ.

ಕಬ್ಬಿನೂರ ಮೇಷ್ಟ್ರು, ಮಂಡ್ಯ

ಲ್ಯಾಬಿನ ಪರೀಕ್ಷೆಗೆ ತೆಗೆದುಕೊಂಡಿದ್ದೆವು. ಗದ್ದೆಗೆ ಹೋದದ್ದು ಉತ್ಸಾಹದಲ್ಲಿ. "ಸುಮ್ನೆ ಹಾಕಿ ನೋಡಲಿ" ಅಂತ. ಅದು ತಪ್ಪು, ಒಪ್ಪುತ್ತೇನೆ. ಕಮಿಟಿಗೆ ಹೊಸದಾಗಿ ಬರೆದು, ಒಪ್ಪಿಗೆ ಬರುವ ತನಕ ಯಾರ ಮೈಮೇಲೂ ಹಾಕಲ್ಲ.

ಕುವೆಂಪುನಗರದ ಗೆಳೆಯರೇ, ನಿಮ್ಮ ಏಳು ವಾರದ ಮಾತು ಓದಿ ನನ್ನ ಹುಡುಗರು ಸುಮ್ಮನೆ ಕೂತುಬಿಟ್ಟರು. ಪ್ಯಾಡಿನೊಳಗೆ ಒತ್ತಡ ಅಳೆಯುವ ತೆಳುವಾದ ಸೆನ್ಸರ್ ಇಟ್ಟು ನೋಡುತ್ತೇವೆ.

ನಾಟಿ ತಂಡ, ಶ್ರೀರಂಗಪಟ್ಟಣ

ಎಲ್ಲರೂ ಗಂಡಸರ ಮೈ ಬಗ್ಗೆಯೇ ಬರೆದಿದ್ದೀರಿ. ನಾವು ಹನ್ನೆರಡು ಜನ ಹೆಂಗಸರು ಭತ್ತದ ನಾಟಿಗೆ ಹೋಗುತ್ತೇವೆ. ಬೆಳಿಗ್ಗೆ ಬಗ್ಗಿದರೆ ಊಟದ ಹೊತ್ತಿಗೆ ಏಳೋದು. ಕಬ್ಬು ಕಡಿಯೋರಾದರೂ ನಡುನಡುವೆ ಎದ್ದು ನಿಲ್ಲುತ್ತಾರೆ.

ನಾವು ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಮೇಲೆ ಗಂಡಸರ ತುಂಬುತೋಳಿನ ಶರ್ಟ್ ಹಾಕಿಕೊಳ್ಳುತ್ತೇವೆ. ನಿಮ್ಮ ತೊಡೆ ಪ್ಯಾಡ್ ಎಲ್ಲಿ ಕೂರುತ್ತೆ? ಸೀರೆಯ ಮೇಲೆ ಕಟ್ಟಿದರೆ ಎರಡು ಕಾಲೂ ಸೇರಿ ಕಟ್ಟಿದ ಹಾಗೆ. ಒಳಗೆ ಕಟ್ಟೋದು ಆಗದ ಮಾತು. ಎದೆಯ ಪ್ಯಾಡ್ ಅಂತೀರಿ, ಹೆಂಗಸರ ಎದೆಗೆ ಗಟ್ಟಿ ಪ್ಯಾಡ್ ಒತ್ತಿಕೊಂಡು ಇಡೀ ದಿನ ಬಗ್ಗಕ್ಕಾಗುತ್ತಾ? ನಡುವೆ ನೀರಿಗೆ ಹೋಗಬೇಕಾದರೆ ನಾಲ್ಕು ಬಕಲ್ ಬಿಚ್ಚಿ ಮತ್ತೆ ಹಾಕಬೇಕಾ? ಬಗ್ಗಿ ಬಗ್ಗಿ ನಮ್ಮಲ್ಲಿ ನಲವತ್ತಕ್ಕೇ ಸೊಂಟ ಹಿಡಿದವರು ಇದ್ದಾರೆ. ಯಂತ್ರ ಬೇಡ ಅಂತ ಹೇಳುತ್ತಿಲ್ಲ. ನಮ್ಮನ್ನು ಕೇಳಿ ಮಾಡಿ ಅಂತ ಹೇಳುತ್ತಿದ್ದೇನೆ.

ನಡಿಗೆ ಲ್ಯಾಬ್, ಊರು ಮೈಸೂರು

ಅಕ್ಕ, ಈ ಪ್ರಶ್ನೆಯನ್ನು ನಾನು ಓದಿದ ಯಾವ ಪ್ರಬಂಧದಲ್ಲೂ ನೋಡಿಲ್ಲ. ಹೆಚ್ಚಿನ ಯಂತ್ರಗಳು ಪ್ಯಾಂಟ್ ತೊಟ್ಟವರಿಗೆ, ಕುರ್ಚಿಯಲ್ಲಿ ಕೂರುವವರಿಗೆ ಮಾಡಿದ್ದು. ಚಕ್ಕಳಮಕ್ಕಳ ಹಾಕೋದು, ಕುಕ್ಕರಗಾಲಲ್ಲಿ ಕೂರೋದು ಅವುಗಳ ಲೆಕ್ಕದಲ್ಲೇ ಇರಲ್ಲ.

ಬಟ್ಟೆಯಂಥ ಮೆತ್ತನೆಯ ಸೂಟ್ ಒಂದು ದಾರಿ ಇರಬಹುದು. ಹಾರ್ವರ್ಡ್‌ನ ಕಾನರ್ ವಾಲ್ಶ್ ಅವರ ತಂಡ 2019ರಲ್ಲಿ ಒಂದು ತೋರಿಸಿತು. ಗಟ್ಟಿ ಕಂಬಿ ಇಲ್ಲ. ಸೊಂಟಕ್ಕೊಂದು ಬೆಲ್ಟ್, ತೊಡೆಗೆ ಬಟ್ಟೆಯ ಪಟ್ಟಿ, ನಡುವೆ ಎಳೆಯುವ ಕೇಬಲ್. ಮೋಟರ್ ಬ್ಯಾಟರಿ ಸೇರಿ 5 ಕೆ.ಜಿ., ಅದರಲ್ಲಿ ಹೆಚ್ಚಿನ ಭಾರ ಸೊಂಟದಲ್ಲೇ. ನಡೆಯುವಾಗ ಶೇ. 9.3, ಓಡುವಾಗ ಶೇ. 4 ಶಕ್ತಿ ಉಳಿಯಿತು. ಭಾರ ಸೊಂಟದಲ್ಲಿ ಇಟ್ಟದ್ದಕ್ಕೆ ಕಾರಣ ಇದೆ. ಒಂದೇ ಕೆ.ಜಿ.ಯನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಆಗುವ ದಣಿವಿಗಿಂತ ಪಾದಕ್ಕೆ ಕಟ್ಟಿಕೊಂಡರೆ ಆಗುವ ದಣಿವು ಹಲವು ಪಟ್ಟು ಜಾಸ್ತಿ, ಯಾಕೆಂದರೆ ಹೆಜ್ಜೆ ಹೆಜ್ಜೆಗೂ ಅದನ್ನು ಬೀಸಬೇಕು, ನಿಲ್ಲಿಸಬೇಕು.

ನಾಟಿಗೆ ಮೋಟರ್ ಬೇಡ. ಹೆಗಲಿನಿಂದ ಬೆನ್ನಿನ ಮೇಲೆ ಹಾದು ಮೊಣಕಾಲಿನ ಕೆಳಗೆ ಬರುವ ಎಲಾಸ್ಟಿಕ್ ಪಟ್ಟಿ ಸಾಕಾಗಬಹುದು. ಎದೆಗೆ ಏನೂ ಒತ್ತಲ್ಲ. ತೊಡೆಗೆ ಏನೂ ಬೇಡ. ನೀವು ಸೀರೆ ಎತ್ತಿ ಕಟ್ಟುವುದರಿಂದ ಮೊಣಕಾಲಿನ ಕೆಳಗೆ ಜಾಗ ಸಿಗುತ್ತದೆ. ಆದರೆ ಪಟ್ಟಿ ಹೆಗಲನ್ನು ಕೆಳಕ್ಕೆ ಎಳೆಯುತ್ತೆ. ಅದು ಬೆನ್ನೆಲುಬಿನ ಮೇಲೆ ಎಷ್ಟು ಭಾರ ಹೇರುತ್ತೆ ಅಂತ ಮೊದಲು ನೋಡಬೇಕು.

ಬ್ಯಾಗ್ ಹೊಲಿಯುವವನು, ಮಂಡಿ ಮೊಹಲ್ಲಾ

ಎಲಾಸ್ಟಿಕ್ ಬಿಸಿಲಲ್ಲಿ, ಬೆವರಲ್ಲಿ ಬೇಗ ಸಡಿಲ ಆಗುತ್ತೆ. ಶಾಲೆ ಬ್ಯಾಗಿನ ಪಟ್ಟಿಗೆ ಹಾಕುವ ನೈಲಾನ್ ಪಟ್ಟಿಯನ್ನೇ ಹೆಚ್ಚು ಭಾಗಕ್ಕೆ ಹಾಕಿ, ಎಲಾಸ್ಟಿಕ್ ತುಂಡನ್ನು ಬೇಕಾದಾಗ ಬದಲಿಸುವ ಹಾಗೆ ಕೊಂಡಿಯಲ್ಲಿ ಕೊಡಿ. ಕೆಸರಲ್ಲಿ ವೆಲ್ಕ್ರೋ ಬೇಡವೇ ಬೇಡ. ಮಣ್ಣು ತುಂಬಿದ ಮೇಲೆ ಹಿಡಿಯಲ್ಲ. ಪಟ್ಟಿಯ ಅಂಚು ಮಡಚಿ ಹೊಲಿಯದೆ ಮೆತ್ತಗಿನ ಬಟ್ಟೆಯ ಪೈಪಿಂಗ್ ಕೊಟ್ಟರೆ ಆ ಅಣ್ಣನಿಗೆ ಆದಂಥ ಕಲೆ ಆಗಲ್ಲ. ಒಂದು ಎಳೆತಕ್ಕೆ ಬಿಚ್ಚುವ ಕೊಂಡಿಯನ್ನು ನಾವು ಬ್ಯಾಗಿಗೆ ಹಾಕುತ್ತಲೇ ಇರುತ್ತೇವೆ. ಕಷ್ಟ ಏನಿಲ್ಲ.

ಪಾಂಡವಪುರದ ರೈತ

ನಮ್ಮ ಊರಲ್ಲಿ ಕೆಲವರು ಕೇಳುತ್ತಾರೆ, ಕಟಾವು ಮೆಷಿನ್ ಬಂದಿದೆಯಲ್ಲ, ಇದೆಲ್ಲ ಯಾಕೆ ಅಂತ. ಮೆಷಿನ್ ಇಳಿಯಲು ಸಾಲಿನ ನಡುವೆ ಜಾಸ್ತಿ ಅಂತರ ಬೇಕು, ಗದ್ದೆ ಒಣಗಿರಬೇಕು. ನಮ್ಮವು ತುಂಡು ತುಂಡು ಜಮೀನು. ಉದ್ದ ಹಿಡಿಯ ಕತ್ತಿಯೂ ಕೆಲವರು ನೋಡಿದ್ದಾರೆ. ಬುಡ ಮೇಲೆ ಉಳಿದುಬಿಡುತ್ತೆ. ಸಕ್ಕರೆ ಅಂಶ ಜಾಸ್ತಿ ಇರೋದೇ ಬುಡದಲ್ಲಿ, ಕೂಳೆ (ಕಡಿದ ಬುಡದಿಂದ ಮತ್ತೆ ಬರುವ ಬೆಳೆ) ಚೆನ್ನಾಗಿ ಒಡೆಯೋದೂ ನೆಲಕ್ಕೆ ಸಮ ಕಡಿದರೆ. ಹಾಗಾಗಿ ಇನ್ನೂ ಬಹಳ ವರ್ಷ ಬಗ್ಗುವವರು ಇರುತ್ತಾರೆ.

ಫಿಜಿಯೋ, ಸರಸ್ವತಿಪುರಂ

ನಿಜ. ಆದರೂ ನನ್ನ ಒಂದು ಭಯ ಹೇಳಿಬಿಡುತ್ತೇನೆ. ಯಂತ್ರ ತೊಟ್ಟಿದ್ದೀರಿ, ಇನ್ನೆರಡು ಗಂಟೆ ಜಾಸ್ತಿ ಕಡಿಯಿರಿ ಅಂತ ಯಾರಾದರೂ ಹೇಳಿದರೆ ಬೆನ್ನಿಗೆ ಉಳಿದದ್ದೇನು? ಪರೀಕ್ಷೆಯ ವರದಿಯಲ್ಲಿ ಎಷ್ಟು ಟನ್ ಜಾಸ್ತಿ ಆಯಿತು ಅಂತ ಬರೆಯುವ ಮೊದಲು, ಸಂಜೆ ಮನೆಗೆ ಹೋದ ಮೇಲೆ ನೋವು ಎಷ್ಟಿತ್ತು, ರಾತ್ರಿ ನಿದ್ದೆ ಬಂತಾ ಅಂತ ಬರೆಯಿರಿ. ಅದನ್ನು ಕೇಳಲು ಯಾವ ಮೆಷಿನ್ನೂ ಬೇಡ.

ಟೂಲ್ ರೂಂ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಹಾರ್ಡಿಮನ್ ಅಂತ ಒಂದು ಎಕ್ಸೋಸ್ಕೆಲಿಟನ್ ಇತ್ತು, ನಮ್ಮ ಹುಡುಗರಿಗೆ ಅದರ ಕಥೆ ಹೇಳುತ್ತಿರುತ್ತೇನೆ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮಾಡಲು ಹೊರಟದ್ದು. ಅದರ ತೂಕವೇ ಸುಮಾರು 680 ಕೆ.ಜಿ. ಎಲ್ಲ ಕೈಕಾಲು ಒಟ್ಟಿಗೆ ಚಾಲೂ ಮಾಡಿದರೆ ಹತೋಟಿಗೇ ಸಿಗುತ್ತಿರಲಿಲ್ಲ. ಮನುಷ್ಯ ಒಳಗಿದ್ದಾಗ ಪೂರ್ತಿ ಚಾಲೂ ಮಾಡುವ ಧೈರ್ಯ ಅವರು ಮಾಡಲಿಲ್ಲ. ಕೊನೆಗೆ ಒಂದು ತೋಳು ಮಾತ್ರ ಸರಿಯಾಗಿ ನಡೆಯಿತು. ಅಷ್ಟು ದೊಡ್ಡ ಕಂಪನಿ, ಅಷ್ಟು ದುಡ್ಡು. ನಿಮ್ಮದು 3.2 ಕೆ.ಜಿ., ಬದುವಿನ ಮೇಲಿದೆ, ಎತ್ತಿಕೊಂಡು ಬಂದು ಸರಿ ಮಾಡಬಹುದು.

ಕಬ್ಬಿನೂರ ಮೇಷ್ಟ್ರು, ಮಂಡ್ಯ

ಎಲ್ಲ ಓದಿ, ನಿನ್ನೆ ರಾತ್ರಿ ಹುಡುಗರ ಜೊತೆ ಕೂತು ಹೊಸದಾಗಿ ಬರೆದುಕೊಂಡೆವು.

ಗಟ್ಟಿ ಕಂಬಿಯ ಬದಲು ಬೆನ್ನಿನ ಜೊತೆ ಹಿಗ್ಗುವ ಜಾರುಕಂಬಿ ಹಾಕುತ್ತೇವೆ, ಒಂದು ಕೊಳವೆಯೊಳಗೆ ಇನ್ನೊಂದು ಜಾರುವ ಹಾಗೆ. ತೊಡೆಗಳ ನಡುವೆ ಒಂದು ತಕ್ಕಡಿಯಂಥ ಕೊಂಡಿ ಯೋಚಿಸಿದ್ದೇವೆ. ಒಂದು ತೊಡೆ ಮೇಲೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಅದು ನಡಿಗೆ, ಆಗ ಕೊಂಡಿ ತಿರುಗಿ ಸ್ಪ್ರಿಂಗ್ ಸಡಿಲ ಇರುತ್ತದೆ. ಎರಡೂ ತೊಡೆ ಒಂದೇ ಕಡೆ ಇದ್ದು ಎದೆ ಬಗ್ಗಿದರೆ ಮಾತ್ರ ಬಿಗಿಯುತ್ತದೆ. ಕೈ ಬೇಡ, ಬ್ಯಾಟರಿ ಬೇಡ. ಒಂದು ಕಾಲು ಮುಂದಿಟ್ಟು ಕಡಿಯುವವರಿಗೆ ಇದು ಸರಿ ಹೋಗುತ್ತಾ ಅನ್ನೋದೇ ಈಗಿನ ಚಿಂತೆ.

ಸ್ಪ್ರಿಂಗ್ ರಿಗ್ ಈ ವಾರ ಶುರು. ಡ್ರಾಯಿಂಗ್ ಕಳಿಸಿದ್ದೇನೆ. ಮಂಡಿ ಮೊಹಲ್ಲಾಕ್ಕೆ ಶನಿವಾರ ಬರುತ್ತೇವೆ. ಶ್ರೀರಂಗಪಟ್ಟಣದ ಅಕ್ಕಂದಿರೇ, ನಾಟಿಯ ಪಟ್ಟಿಯನ್ನು ಬೇರೆಯದೇ ಕೆಲಸವಾಗಿ ತೆಗೆದುಕೊಳ್ಳುತ್ತೇವೆ. ನಮ್ಮ ತಂಡದ ಇಬ್ಬರು ಹುಡುಗಿಯರು ಮೊದಲು ನಿಮ್ಮ ಜೊತೆ ಒಂದು ದಿನ ಗದ್ದೆಗೆ ಇಳಿಯುತ್ತಾರೆ, ಏನನ್ನೂ ತರದೆ. ಬರಬಹುದಾ?

ನಾಟಿ ತಂಡ, ಶ್ರೀರಂಗಪಟ್ಟಣ

ಬರಲಿ. ಬೆಳಿಗ್ಗೆ ಏಳಕ್ಕೇ ಬರಲಿ. ಊಟ ನಮ್ಮ ಜೊತೆ.

ಪಾಂಡವಪುರದ ರೈತ

ಮೇಷ್ಟ್ರೇ, ಕಾಲು ಮುಂದಿಡುವ ವಿಷಯ. ನಾನು ಇವತ್ತು ಗದ್ದೆಗೆ ಹೋಗಿ ನೋಡಿದೆ. ಬಲಗೈಯವರು ಎಡಗಾಲು ಒಂದು ಗೇಣು ಮುಂದಿಟ್ಟೇ ಕಡಿಯುತ್ತಾರೆ, ಮಚ್ಚು ಬಲಗಡೆಯಿಂದ ಬೀಸಿ ಬರುತ್ತಲ್ಲ, ಕಾಲಿಗೆ ತಾಗಬಾರದು ಅಂತ. ಎಡಗೈಯವರು ಒಬ್ಬರಿದ್ದರು, ಅವರದು ಉಲ್ಟಾ. ನಿಮ್ಮ ತಕ್ಕಡಿ ಒಂದು ಗೇಣನ್ನು ನಡಿಗೆ ಅಂದುಕೊಂಡರೆ ಅವರಿಗೆ ಏನೂ ಸಹಾಯ ಸಿಗಲ್ಲ. ಒಂದು ಗೇಣಿನ ತನಕ ಬಿಗಿ, ಅದಕ್ಕಿಂತ ಜಾಸ್ತಿ ಆದರೆ ಸಡಿಲ, ಹಾಗೆ ಮಾಡಕ್ಕಾಗುತ್ತಾ ನೋಡಿ. ವಿಡಿಯೋ ಬೇಕಾದರೆ ಅವರನ್ನು ಕೇಳಿ ತೆಗೆದು ಕಳಿಸುತ್ತೇನೆ.